ಯಾವ ದೇಶದ ‘ಪ್ರೆಪ್’? ಮಕ್ಕಳ ಶಾಲೆ ಆರಿಸುವ ಮೊದಲು ಕೇಳಬೇಕಾದದ್ದು

ಜನವರಿಯಲ್ಲಿ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು. ಮೆಲ್ಬರ್ನ್‌ನಲ್ಲಿರುವ ತಂಗಿಯ ಮಗಳು ಪ್ರೆಪ್‌ಗೆ ಸೇರಿದಳು. ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ಸೋದರಮಾವನ ಮೊಮ್ಮಗ ಪ್ರೆಪ್‌ಗೆ ಅರ್ಜಿ ಹಾಕಿದ. ಅವಳಿಗೆ ಐದು ವರ್ಷ, ಅವನಿಗೆ ಹದಿನಾಲ್ಕು. ಪ್ರೆಪ್ ಎಂದರೆ ಪ್ರಿಪರೇಟರಿಯ ಮೊಟಕು ರೂಪ. ಮೈಸೂರಿನಲ್ಲಿರುವ ದೊಡ್ಡಮ್ಮನಿಗೆ ಗೊತ್ತಿರುವುದು ಒಂದೇ ಪ್ರಿಪರೇಟರಿ, ಎಸ್ಸೆಸ್ಸೆಲ್ಸಿ ಮುಖ್ಯ ಪರೀಕ್ಷೆಗೆ ಮೊದಲು ಶಾಲೆಗಳು ನಡೆಸುವ ಪೂರ್ವಸಿದ್ಧತಾ ಪರೀಕ್ಷೆ. “ಅವನಿಗಾದರೆ ಸರಿ, ಐದು ವರ್ಷದ ಕೂಸಿಗೆ ಈಗಲೇ ಏನು ಪ್ರಿಪರೇಟರಿ?” ಎಂದು ಅವರು ಧ್ವನಿಸಂದೇಶ ಕಳುಹಿಸಿದರು. ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಎಂಟು ವರ್ಷ ಇಂಗ್ಲೆಂಡಿನಲ್ಲಿದ್ದು, ಅಲ್ಲಿನ ಒಂದು ಪ್ರೆಪ್ ಶಾಲೆಗೆ ಮಗನನ್ನು ಕಳುಹಿಸಿ ಬಂದವಳು ನಾನು. ಹಾಗಾಗಿ ಕಂಪನಿಯ ವರ್ಗಾವಣೆಯ ಮೇಲೆ ಹೊರಟ ಗೆಳತಿಯರೂ ಅವರ ಗೆಳತಿಯರೂ ಇದೇ ವಿಷಯ ಕೇಳಲು ಫೋನ್ ಮಾಡುತ್ತಾರೆ. ಪ್ರೆಪ್ ಶಾಲೆ ಒಳ್ಳೆಯದೇ, ಅಷ್ಟು ದುಡ್ಡು ಸುರಿಯುವುದಕ್ಕೆ ಅರ್ಥವಿದೆಯೇ ಎನ್ನುವುದು ಅವರ ಮೊದಲ ಪ್ರಶ್ನೆ. ನನ್ನ ಮೊದಲ ಪ್ರಶ್ನೆ ಬೇರೆ: ಯಾವುದಕ್ಕೆ ಸಿದ್ಧತೆ? ಒಂದೊಂದು ದೇಶದಲ್ಲಿ ಈ ಪದ ಒಂದೊಂದು ಬಾಗಿಲಿನ ಕಡೆ ಬೆರಳು ತೋರಿಸುತ್ತದೆ. ಆ ಬಾಗಿಲು ನಿಮಗೆ ಬೇಡವೆಂದಾದರೆ ಅದಕ್ಕೆ ಸಿದ್ಧಮಾಡುವ ಶಾಲೆಯೂ ಬೇಡ.

ಅಳೆಯುವ ಕೋಲು

ನಾನು ಐದು ವಿಷಯ ನೋಡುತ್ತೇನೆ. ಮಗುವಿನ ವಯಸ್ಸು, ಅಂದರೆ ಆ ದೇಶದಲ್ಲಿ ಪ್ರವೇಶದ ಬಾಗಿಲು ತೆರೆಯುವ ವಯಸ್ಸಿಗೆ ಮಗು ಎಷ್ಟು ಹತ್ತಿರವಿದೆ ಎಂಬುದು. ವೀಸಾ ಮತ್ತು ಅಲ್ಲಿ ಉಳಿಯುವ ವರ್ಷಗಳು. ಶುಲ್ಕಪಟ್ಟಿಯಲ್ಲಿ ಇಲ್ಲದ್ದೂ ಸೇರಿ ಆಗುವ ಪೂರ್ತಿ ಖರ್ಚು. ಅದೇ ಊರಿನಲ್ಲಿ ದುಡ್ಡಿಲ್ಲದೆ ಸಿಗುವ ಒಳ್ಳೆಯ ಶಾಲೆ. ಕೊನೆಯದಾಗಿ, ಊರಿಗೆ ವಾಪಸಾದರೆ ಮಗು ಎಲ್ಲಿಗೆ ಬಂದು ಸೇರುತ್ತದೆ ಎಂಬುದು. ಹೆಚ್ಚಿನವರು ಮೂರನೆಯದನ್ನು ಮಾತ್ರ ನೋಡುತ್ತಾರೆ. ಆದರೆ ಐದನೆಯದನ್ನು ಮರೆತವರು ಪಟ್ಟಷ್ಟು ಪಾಡನ್ನು ಬೇರೆ ಯಾರೂ ಪಟ್ಟದ್ದನ್ನು ನಾನು ಕಂಡಿಲ್ಲ.

ಇಂಗ್ಲೆಂಡ್: ಏಳರಿಂದ ಹದಿಮೂರು

ಪದದ ತವರು ಇದು. ಈಟನ್, ವಿಂಚೆಸ್ಟರ್, ಹ್ಯಾರೋ ಮುಂತಾದ ದೊಡ್ಡ ವಸತಿ ಶಾಲೆಗಳು ಹದಿಮೂರನೇ ವಯಸ್ಸಿಗೆ ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದವು. ಅವುಗಳ ಪ್ರವೇಶಕ್ಕೆ ಚಿಕ್ಕವರನ್ನು ತಯಾರು ಮಾಡಲು ಹುಟ್ಟಿದವು ಪ್ರಿಪರೇಟರಿ ಶಾಲೆಗಳು. ನೌಕಾಪಡೆಯ ಲೆಫ್ಟಿನೆಂಟ್ ಒಬ್ಬರು 1837ರಲ್ಲಿ ಆರಂಭಿಸಿದ ವಿಂಡಲ್‌ಶಮ್ ಹೌಸನ್ನು ಈ ಬಗೆಯ ಮೊದಲ ಶಾಲೆಗಳಲ್ಲಿ ಒಂದೆಂದು ಹೇಳುತ್ತಾರೆ. ಆಕ್ಸ್‌ಫರ್ಡಿನ ಪ್ರಾಧ್ಯಾಪಕರು ತಮ್ಮ ಮಕ್ಕಳಿಗಾಗಿ 1877ರಲ್ಲಿ ಕಟ್ಟಿಕೊಂಡ ಡ್ರಾಗನ್ ಸ್ಕೂಲ್ ಇಂದಿಗೂ ಇದೆ. ಮೂರು ನಾಲ್ಕು ವರ್ಷದಿಂದ ಏಳರವರೆಗಿನ ಭಾಗಕ್ಕೆ ಪ್ರಿ-ಪ್ರೆಪ್ ಎನ್ನುತ್ತಾರೆ. ಸಿದ್ಧತೆಗೂ ಒಂದು ಸಿದ್ಧತೆ ಎಂದರೆ ದೊಡ್ಡಮ್ಮ ಇನ್ನೆಷ್ಟು ನಗುತ್ತಾರೋ!

ಈ ದಾರಿಯ ಕೊನೆಯಲ್ಲಿರುವುದು ಕಾಮನ್ ಎಂಟ್ರೆನ್ಸ್ ಎಂಬ ಪರೀಕ್ಷೆ, ಹನ್ನೊಂದಕ್ಕೆ ಒಂದು, ಹದಿಮೂರಕ್ಕೆ ಇನ್ನೊಂದು. ಆದರೆ ಇವತ್ತಿನ ನಿಜವಾದ ಜರಡಿ ಅದಕ್ಕೂ ಮೊದಲೇ ಬರುತ್ತದೆ. ಹಲವು ದೊಡ್ಡ ಶಾಲೆಗಳು ಆರನೇ ಇಯರ್‌ನಲ್ಲೇ, ಅಂದರೆ ಹತ್ತು ಹನ್ನೊಂದರ ವಯಸ್ಸಿನಲ್ಲೇ, ಕಂಪ್ಯೂಟರಿನ ಮುಂದೆ ಕೂರಿಸಿ ಪೂರ್ವಪರೀಕ್ಷೆ ನಡೆಸಿ ಸೀಟು ಕಾಯ್ದಿರಿಸುತ್ತವೆ. ಈಟನ್‌ಗೆ ಹೆಸರು ನೋಂದಾಯಿಸಬೇಕಾದದ್ದು ಐದನೇ ಇಯರ್ ಮುಗಿಯುವ ಹೊತ್ತಿಗೆ. ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಲಂಡನ್ನಿಗೆ ಇಳಿದು, ಒಂದು ವರ್ಷ ಪ್ರೆಪ್‌ಗೆ ಹಾಕಿ ಹದಿಮೂರಕ್ಕೆ ಈಟನ್‌ಗೆ ಸೇರಿಸೋಣ ಎಂದುಕೊಂಡರೆ ಮುಖ್ಯ ಬಸ್ಸು ಎರಡು ವರ್ಷದ ಹಿಂದೆಯೇ ಹೋಗಿರುತ್ತದೆ. ಲಂಡನ್ನಿನ ಹೆಸರಾಂತ ಹಗಲು ಶಾಲೆಗಳು ಹೆಚ್ಚು ಹೆಚ್ಚಾಗಿ ಹನ್ನೊಂದಕ್ಕೇ ಮಕ್ಕಳನ್ನು ತೆಗೆದುಕೊಳ್ಳುತ್ತಿರುವುದರಿಂದ, ಪ್ರೆಪ್‌ನ ಕೊನೆಯ ಎರಡು ವರ್ಷಗಳಲ್ಲಿ ತರಗತಿ ಅರ್ಧ ಖಾಲಿಯಾಗುವ ಶಾಲೆಗಳೂ ಇವೆ.

ಒಳ್ಳೆಯ ಪ್ರೆಪ್ ಶಾಲೆ ಕೊಡುವುದನ್ನು ಕಡೆಗಣಿಸುವಂತಿಲ್ಲ. ಚಿಕ್ಕ ತರಗತಿ, ದಿನವೂ ಆಟ, ಸಂಗೀತ, ನಾಟಕ, ಲ್ಯಾಟಿನ್. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಸಂಜೆ ಐದೂವರೆಯವರೆಗೆ ಮಗು ಶಾಲೆಯಲ್ಲೇ ಇರುವುದು ದೊಡ್ಡ ಅನುಕೂಲ. ನನ್ನ ಮಗ ಮಾತನಾಡಲು ಹಿಂಜರಿಯುತ್ತಿದ್ದವನು ಎರಡನೇ ವರ್ಷಕ್ಕೆ ವೇದಿಕೆ ಏರಿ ಪದ್ಯ ಹೇಳಿದ. ಆದರೆ ಶನಿವಾರ ಬೆಳಗ್ಗೆಯೂ ಪಾಠವಿರುವ ಶಾಲೆಗಳಿವೆ, ನಮ್ಮದೂ ಹಾಗೆಯೇ ಇತ್ತು. ಕನ್ನಡ ತರಗತಿ ನಡೆಯುತ್ತಿದ್ದದ್ದೂ ಅದೇ ಹೊತ್ತಿಗೆ. ಅವನು ಇಂದಿಗೂ ಒತ್ತಕ್ಷರ ಕಂಡರೆ ಎಡವುತ್ತಾನೆ.

ಈಗ ಹಣದ ಮಾತು. 2024ರಲ್ಲಿ ಬ್ರಿಟನ್ನಿನ ಖಾಸಗಿ ಹಗಲು ಶಾಲೆಗಳ ಸರಾಸರಿ ಶುಲ್ಕ ವರ್ಷಕ್ಕೆ ಸುಮಾರು 18,000 ಪೌಂಡ್ ಇತ್ತು. 2025ರ ಜನವರಿ 1ರಿಂದ ಅದರ ಮೇಲೆ ಶೇ 20ರ ವ್ಯಾಟ್ ಬಂದಿದೆ. ಶೇ 40ರ ತೆರಿಗೆ ಹಂತದಲ್ಲಿರುವವರು ಕೈಯಿಂದ 20,000 ಪೌಂಡ್ ಕಟ್ಟಬೇಕಾದರೆ ಅದಕ್ಕಾಗಿ ಸುಮಾರು 34,000 ಪೌಂಡ್ ದುಡಿಯಬೇಕು. ಸಮವಸ್ತ್ರ, ಪ್ರವಾಸ, ಪಿಯಾನೊ ಪಾಠ ಬೇರೆ. ಇದಕ್ಕಿಂತ ಹೆಚ್ಚಾಗಿ ನಮ್ಮವರನ್ನು ಹೊಡೆಯುವುದು ಒಪ್ಪಂದದ ಒಂದು ಸಾಲು. ಶಾಲೆ ಬಿಡುವುದಾದರೆ ಒಂದು ಪೂರ್ತಿ ಟರ್ಮ್, ಅಂದರೆ ಶಾಲಾ ವರ್ಷದ ಮೂರನೇ ಒಂದು ಭಾಗ, ಮುಂಚೆ ಬರೆದು ತಿಳಿಸಬೇಕು, ಇಲ್ಲವಾದರೆ ಒಂದು ಟರ್ಮ್‌ನ ಶುಲ್ಕ ತೆರಬೇಕು. ಕಂಪನಿ ಆರು ವಾರದ ನೋಟಿಸಿನಲ್ಲಿ ನಮ್ಮನ್ನು ಬೆಂಗಳೂರಿಗೆ ಕಳುಹಿಸಿದಾಗ, ಮಗ ಕೂರದ ಬೆಂಚಿಗೆ ನಾವು ಮೂರು ತಿಂಗಳ ಶುಲ್ಕ ಕಟ್ಟಿ ಬಂದೆವು. ಕಾಗದದಲ್ಲಿ ಇದ್ದದ್ದೇ, ಓದದವರು ನಾವು.

ಎದುರಿಗಿರುವ ಆಯ್ಕೆ ಯಾವುದು? ಕೆಲಸದ ವೀಸಾದಲ್ಲಿರುವವರ ಮಕ್ಕಳಿಗೆ ಸರ್ಕಾರಿ ಶಾಲೆ ಉಚಿತ. ಇಂಗ್ಲೆಂಡಿನಲ್ಲಿ ಪ್ರವೇಶ ಪರೀಕ್ಷೆಯ ಮೇಲೆ ಮಕ್ಕಳನ್ನು ತೆಗೆದುಕೊಳ್ಳುವ 163 ಗ್ರಾಮರ್ ಶಾಲೆಗಳಿವೆ, ಅವೂ ಉಚಿತ. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಸಟನ್, ಭಾರತೀಯರು ತುಂಬಿರುವ ಸ್ಲೌ, ಇಲ್ಲೆಲ್ಲ ಮನೆ ಹುಡುಕುವ ನಮ್ಮವರ ಕಣ್ಣು ಇರುವುದು ಈ ಶಾಲೆಗಳ ಮೇಲೆಯೇ. ಪರೀಕ್ಷೆ ಆರನೇ ಇಯರ್‌ನ ಆರಂಭದಲ್ಲಿ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಅರ್ಜಿ ಅದಕ್ಕೂ ಮೊದಲೇ ಹೋಗಿರಬೇಕು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಈ ವ್ಯವಸ್ಥೆ ಇಲ್ಲ ಎಂಬುದು ಎಡಿನ್‌ಬರೊ ಕೆಲಸ ಒಪ್ಪಿಕೊಳ್ಳುವ ಮೊದಲು ತಿಳಿದಿರಲಿ.

ನನ್ನ ತೀರ್ಪು ಕೇಳಿದರೆ ಹೀಗೆ: ಹತ್ತು ವರ್ಷಕ್ಕಿಂತ ಹೆಚ್ಚು ಉಳಿಯುವವರು, ದೊಡ್ಡ ಖಾಸಗಿ ಶಾಲೆಯ ಖರ್ಚನ್ನೂ ಹದಿನೆಂಟರವರೆಗೆ ಹೊರಬಲ್ಲವರು ಪ್ರೆಪ್ ಹಿಡಿಯಲಿ. ಆರಂಭಿಸಿ ಅರ್ಧಕ್ಕೆ ನಿಲ್ಲಿಸುವುದಕ್ಕಿಂತ ಒಳ್ಳೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಹತ್ತಿರ ಮನೆ ಮಾಡಿ, ಉಳಿದ ದುಡ್ಡಿನಲ್ಲಿ ಈಜು, ಸಂಗೀತ, ಬೇಕಿದ್ದರೆ ಗ್ರಾಮರ್ ಪರೀಕ್ಷೆಗೆ ಒಂದು ವರ್ಷದ ಟ್ಯೂಷನ್ ಕೊಡಿಸುವುದು ಮೇಲು.

ಅಮೆರಿಕ: ಹದಿನಾಲ್ಕರಿಂದ ಹದಿನೆಂಟು

ಅಟ್ಲಾಂಟಿಕ್ ದಾಟಿದರೆ ಪದ ಅದೇ, ಬಾಗಿಲು ಬೇರೆ. ಇಲ್ಲಿ ಸಿದ್ಧತೆ ಕಾಲೇಜಿಗೆ. ಒಂಬತ್ತರಿಂದ ಹನ್ನೆರಡನೇ ಗ್ರೇಡಿನ ಖಾಸಗಿ ಪ್ರೌಢಶಾಲೆಗೆ ಪ್ರೆಪ್ ಸ್ಕೂಲ್ ಎನ್ನುತ್ತಾರೆ. ನಮ್ಮ ಪ್ರಿ-ಯೂನಿವರ್ಸಿಟಿ, ಅಂದರೆ ಪಿಯುಸಿ, ಎಂಬ ಹೆಸರಿನ ಅರ್ಥವೂ ಹೆಚ್ಚುಕಡಿಮೆ ಅದೇ ಅಲ್ಲವೇ? ಮ್ಯಾಸಚೂಸೆಟ್ಸ್‌ನ ಆಂಡೋವರ್‌ನಲ್ಲಿರುವ ಫಿಲಿಪ್ಸ್ ಅಕಾಡೆಮಿ 1778ರದು, ನ್ಯೂ ಹ್ಯಾಂಪ್‌ಶೈರ್‌ನ ಫಿಲಿಪ್ಸ್ ಎಕ್ಸಿಟರ್ 1781ರದು. ಎಕ್ಸಿಟರ್‌ನಲ್ಲಿ ಹನ್ನೆರಡು ಮಂದಿ ವಿದ್ಯಾರ್ಥಿಗಳು ಅಂಡಾಕಾರದ ಒಂದು ಮೇಜಿನ ಸುತ್ತ ಕುಳಿತು ಗಣಿತವನ್ನೂ ಚರ್ಚೆಯಿಂದಲೇ ಕಲಿಯುತ್ತಾರೆ. 1930ರಲ್ಲಿ ಬಂದ ಹಾರ್ಕ್‌ನೆಸ್ ಎಂಬವರ ದಾನದಿಂದ ಬೆಳೆದ ಪದ್ಧತಿ ಅದು, ಮೇಜಿಗೂ ಅವರದೇ ಹೆಸರು. ಬಾಯಿಪಾಠದಿಂದ ಬಂದ ನಮ್ಮಂಥವರಿಗೆ ಅದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಪ್ರೆಪ್ ಎಂಬ ಪದ ಅಲ್ಲಿ ಅಗ್ಗವೂ ಆಗಿದೆ ಎಂಬ ಎಚ್ಚರವಿರಲಿ. ಸರ್ಕಾರದ ಹಣದಲ್ಲಿ ನಡೆಯುವ ಚಾರ್ಟರ್ ಶಾಲೆಗಳೂ ಹೆಸರಿನ ಕೊನೆಗೆ ಪ್ರೆಪ್ ಅಂಟಿಸಿಕೊಳ್ಳುತ್ತವೆ. ಸಾಮಾನ್ಯ ಹೈಸ್ಕೂಲುಗಳಲ್ಲಿ ಕಾಲೇಜ್ ಪ್ರೆಪ್ ಎಂದರೆ ಕೇವಲ ಒಂದು ವಿಷಯದ ಪಾಠದ ಮಟ್ಟ, ಹಲವೆಡೆ ಆನರ್ಸ್‌ಗಿಂತ ಒಂದು ಮೆಟ್ಟಿಲು ಕೆಳಗೆ.

ಅರ್ಜಿಗೆ ಖಾಸಗಿ ಶಾಲೆಗಳ ಪ್ರವೇಶಕ್ಕೆಂದೇ ಇರುವ ಎಸ್ಎಸ್ಎಟಿ ಅಥವಾ ಐಎಸ್ಇಇ ಪರೀಕ್ಷೆ, ಪ್ರಬಂಧ, ಶಿಕ್ಷಕರ ಪತ್ರ, ಸಂದರ್ಶನ ಬೇಕು. ಅರ್ಜಿಯ ಗಡುವು ಹೆಚ್ಚಾಗಿ ಜನವರಿ ನಡುವೆ, ದೊಡ್ಡ ವಸತಿ ಶಾಲೆಗಳ ಉತ್ತರ ಬರುವುದು ಮಾರ್ಚ್ 10ರಂದು. ನ್ಯೂ ಇಂಗ್ಲೆಂಡ್ ಎಂದು ಕರೆಯುವ ಅಮೆರಿಕದ ಈಶಾನ್ಯ ರಾಜ್ಯಗಳ ಹೆಸರಾಂತ ಶಾಲೆಗಳಲ್ಲಿ ವಸತಿ ಸೇರಿ ವರ್ಷದ ಶುಲ್ಕ 70,000 ಡಾಲರ್ ದಾಟಿದೆ. ಆದರೆ ಇಂಗ್ಲೆಂಡಿಗಿಂತ ಇಲ್ಲಿ ಒಂದು ವಿಷಯ ಉತ್ತಮ: ದೊಡ್ಡ ದತ್ತಿನಿಧಿಯಿರುವ ಶಾಲೆಗಳು ಕೈಬಿಚ್ಚಿ ನೆರವು ಕೊಡುತ್ತವೆ. ಆಂಡೋವರ್, ಎಕ್ಸಿಟರ್ ಎರಡೂ ಮನೆಯ ಆದಾಯ ನೋಡದೆ ಪ್ರವೇಶ ನಿರ್ಧರಿಸುವ ನೀತಿಯವು. ಮಧ್ಯಮ ಆದಾಯದ ಮನೆಯ ಚುರುಕು ಮಗುವಿಗೆ ಹೆಚ್ಚು ದತ್ತಿಯ ಶಾಲೆಯೇ ಅಗ್ಗವಾಗಿ, ಪಕ್ಕದೂರಿನ ಸಾಧಾರಣ ಖಾಸಗಿ ಶಾಲೆ ದುಬಾರಿಯಾಗುವುದೂ ಉಂಟು. ಶುಲ್ಕ ನೋಡಿ ಹೆದರಿ ಅರ್ಜಿ ಹಾಕದಿರುವುದು ಅಮೆರಿಕದ ಮಟ್ಟಿಗೆ ತಪ್ಪು ಲೆಕ್ಕ.

ಆದರೂ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವ ಕುಟುಂಬಗಳಿಗೆ ನಾನು ಪ್ರೆಪ್ ಬೇಡ ಎಂದೇ ಸಾಮಾನ್ಯವಾಗಿ ಹೇಳುತ್ತೇನೆ. ಅವರ ಅವಲಂಬಿತರಿಗೆ ಸಿಗುವ ಎಚ್-4 ವೀಸಾದ ಮಗುವಿಗೆ ಸರ್ಕಾರಿ ಶಾಲೆ ಉಚಿತ. ಗ್ರೀನ್ ಕಾರ್ಡಿನ ಸಾಲು ಕರಗುವ ಮೊದಲೇ ಮಗುವಿಗೆ ಇಪ್ಪತ್ತೊಂದು ತುಂಬಿ ಆ ವೀಸಾ ಮುಗಿಯುವ ಭಯ ಹಲವು ಮನೆಗಳಲ್ಲಿದೆ. ಕಾಲೇಜಿನಲ್ಲಿ ಕೇಂದ್ರ ಸರ್ಕಾರದ ನೆರವು ಎಚ್-4ರವರಿಗೆ ಸಿಗುವುದಿಲ್ಲ. ಹೀಗಿರುವಾಗ ದುಡ್ಡು ಬೇಕಾಗುವುದು ಹದಿನೆಂಟರ ನಂತರ, ಹದಿನಾಲ್ಕಕ್ಕೆ ಅದನ್ನು ಕರಗಿಸಿಕೊಂಡು ಕೂರುವುದೇಕೆ? ನ್ಯೂಯಾರ್ಕ್‌ನ ಸ್ಟೈವಸಂಟ್, ಬ್ರಾಂಕ್ಸ್ ಸೈನ್ಸ್, ವರ್ಜೀನಿಯಾದ ಥಾಮಸ್ ಜೆಫರ್ಸನ್, ನ್ಯೂಜೆರ್ಸಿಯ ಬರ್ಗನ್ ಕೌಂಟಿ ಅಕಾಡೆಮಿಗಳು ಶುಲ್ಕವಿಲ್ಲದ ಸರ್ಕಾರಿ ಶಾಲೆಗಳೇ. ಒಳ್ಳೆಯ ಉಪನಗರದ ಮಾಮೂಲಿ ಹೈಸ್ಕೂಲೂ ಸಾಕಷ್ಟು ಕೊಡುತ್ತದೆ. ಉಚಿತ ಎಂದೆನಲ್ಲ, ಅದು ಅರ್ಧ ಸತ್ಯ. ಶಾಲೆಗಳು ಬಹುಮಟ್ಟಿಗೆ ಸ್ಥಳೀಯ ಆಸ್ತಿ ತೆರಿಗೆಯಿಂದ ನಡೆಯುವುದರಿಂದ, ಫೀಸು ಶಾಲೆಗೆ ಕಟ್ಟದಿದ್ದರೆ ಮನೆಗೆ ಕಟ್ಟುತ್ತೀರಿ.

ಬೆಂಗಳೂರಿನಲ್ಲೇ ಇದ್ದುಕೊಂಡು ಮಗುವನ್ನು ಮಾತ್ರ ಕಳುಹಿಸುವವರಿಗೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಸರ್ಕಾರಿ ಹೈಸ್ಕೂಲಿನಲ್ಲಿ ಓದಬಹುದಾದದ್ದು ಒಟ್ಟು ಹನ್ನೆರಡು ತಿಂಗಳು, ಅದೂ ಪೂರ್ತಿ ಖರ್ಚು ಕಟ್ಟಿ. ಎಂಟನೇ ಗ್ರೇಡಿನವರೆಗಿನ ಸರ್ಕಾರಿ ಶಾಲೆಗೆ ಆ ವೀಸಾ ಸಿಗುವುದೇ ಇಲ್ಲ. ಬ್ರಿಟನ್ನಿನ ಮಕ್ಕಳ ವಿದ್ಯಾರ್ಥಿ ವೀಸಾ ಕೂಡ ಖಾಸಗಿ ಶಾಲೆಗಳಿಗೆ ಮಾತ್ರ. ಹಾಗಾಗಿ ಒಂಟಿಯಾಗಿ ಹೋಗುವ ಮಗುವಿಗೆ ಪ್ರೆಪ್ ಒಂದು ಆಯ್ಕೆಯಲ್ಲ, ಅದೊಂದೇ ದಾರಿ.

ಆಸ್ಟ್ರೇಲಿಯಾ: ಒಂದು ವರ್ಷದ ಹೆಸರು

ತಂಗಿಯ ಮಗಳು ಸೇರಿದ್ದು ಯಾವ ಖಾಸಗಿ ಶಾಲೆಗೂ ಅಲ್ಲ, ಮನೆಯ ಪಕ್ಕದ ಸರ್ಕಾರಿ ಶಾಲೆಗೆ. ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್, ಟಾಸ್ಮೇನಿಯಾಗಳಲ್ಲಿ ಒಂದನೇ ತರಗತಿಗೆ ಮೊದಲಿನ ವರ್ಷವೇ ಪ್ರೆಪ್. ನಮ್ಮ ಯುಕೆಜಿಯ ವಯಸ್ಸು ಅದು. ನ್ಯೂ ಸೌತ್ ವೇಲ್ಸ್‌ನಲ್ಲಿ ಅದನ್ನೇ ಕಿಂಡರ್‌ಗಾರ್ಟನ್ ಎನ್ನುತ್ತಾರೆ, ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಿಸೆಪ್ಷನ್, ಪಶ್ಚಿಮದಲ್ಲಿ ಪ್ರಿ-ಪ್ರೈಮರಿ. ಒಂದೇ ದೇಶ, ಒಂದೇ ವಯಸ್ಸು, ನಾಲ್ಕಾರು ಹೆಸರು!

ಹೆಸರಿಗಿಂತ ವಯಸ್ಸಿನ ಗಡುವು ಮುಖ್ಯ. ವಿಕ್ಟೋರಿಯಾದಲ್ಲಿ ಏಪ್ರಿಲ್ 30ರೊಳಗೆ ಐದು ತುಂಬಬೇಕು, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಜೂನ್ 30ರೊಳಗೆ. 2020ರ ಮೇ ತಿಂಗಳಲ್ಲಿ ಹುಟ್ಟಿದ ಮಗು ಬ್ರಿಸ್ಬೇನ್‌ನಲ್ಲಿ 2025ಕ್ಕೇ ಪ್ರೆಪ್ ಸೇರಬಹುದಿತ್ತು, ಮೆಲ್ಬರ್ನ್‌ನಲ್ಲಾದರೆ 2026ರವರೆಗೆ ಕಾಯಬೇಕು. ಶಾಲೆಯ ವರ್ಷ ಜನವರಿ ಕೊನೆಯಿಂದ ಡಿಸೆಂಬರ್‌ವರೆಗೆ. ಅಲ್ಲಿಂದ ಬೆಂಗಳೂರಿಗೆ ಮರಳುವ ಮಗು ಜೂನ್‌ವರೆಗೆ ಆರು ತಿಂಗಳು ಕಾಯುತ್ತದೆ, ಇಲ್ಲವೇ ನಡುವರ್ಷದಲ್ಲಿ ಹೋಗಿ ಕೂರುತ್ತದೆ.

ಗೊಂದಲಕ್ಕೆ ಇನ್ನೊಂದು ಪದರವಿದೆ. ಹಳೆಯ ಖಾಸಗಿ ಶಾಲೆಗಳು ತಮ್ಮ ಕಿರಿಯ ವಿಭಾಗವನ್ನು ಇಂಗ್ಲಿಷರಂತೆಯೇ ಪ್ರಿಪರೇಟರಿ ಸ್ಕೂಲ್ ಎನ್ನುತ್ತವೆ. ಸಿಡ್ನಿ ಗ್ರಾಮರ್‌ಗೆ ಎಜ್‌ಕ್ಲಿಫ್ ಮತ್ತು ಸೇಂಟ್ ಐವ್ಸ್‌ಗಳಲ್ಲಿ ಅಂಥ ಎರಡು ವಿಭಾಗಗಳಿವೆ. ಇದು ಖಾಸಗಿ ಶಾಲೆ ಎಂಬುದನ್ನೂ ಗಮನಿಸಿ: ಇಂಗ್ಲೆಂಡಿನಲ್ಲಿ ಉಚಿತವಾಗಿದ್ದ ಗ್ರಾಮರ್ ಇಲ್ಲಿ ದುಬಾರಿ. ಸಿಡ್ನಿ, ಮೆಲ್ಬರ್ನ್‌ಗಳ ಮೇಲ್ದರ್ಜೆಯ ಖಾಸಗಿ ಶಾಲೆಗಳಲ್ಲಿ ಹನ್ನೆರಡನೇ ತರಗತಿಯ ಶುಲ್ಕ 40,000 ಆಸ್ಟ್ರೇಲಿಯನ್ ಡಾಲರ್ ದಾಟಿದೆ. ಐದನೇ ವಯಸ್ಸಿಗೇ ಅಲ್ಲಿಗೆ ಹಾಕಿದರೆ ಹದಿಮೂರು ವರ್ಷದ ಶುಲ್ಕದ ಸಾಲು ಕಟ್ಟಿಕೊಂಡಂತೆ. ಚಿಕ್ಕ ವಯಸ್ಸಿಗೆ ಸೇರಿಸಿದರೆ ಮೇಲಿನ ತರಗತಿಗೆ ಸೀಟು ಖಾತ್ರಿ ಎಂಬ ವಾದದಲ್ಲಿ ಹುರುಳಿದೆ. ಆದರೆ ಏಳನೇ ಇಯರ್‌ನಲ್ಲಿ ಹೊಸ ಸೀಟುಗಳು ತೆರೆಯುತ್ತವೆ, ಅಲ್ಲಿಯವರೆಗೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಯಾವ ನಷ್ಟವನ್ನೂ ನಾನು ಕಂಡಿಲ್ಲ. ನಡುವಿನ ದಾರಿ ಬೇಕಿದ್ದರೆ ಕಡಿಮೆ ಶುಲ್ಕದ ಕ್ಯಾಥೊಲಿಕ್ ಶಾಲೆಗಳಿವೆ.

ನಮ್ಮವರ ನಿಜವಾದ ಓಟವಿರುವುದು ಪರೀಕ್ಷೆ ನಡೆಸಿ ಮಕ್ಕಳನ್ನು ಆಯ್ದುಕೊಳ್ಳುವ ಸರ್ಕಾರಿ ಶಾಲೆಗಳ ಕಡೆಗೆ. ಸಿಡ್ನಿಯ ಜೇಮ್ಸ್ ರೂಸ್‌ನಂಥವಕ್ಕೆ ಆರನೇ ಇಯರ್‌ನಲ್ಲಿ ಪರೀಕ್ಷೆ, ಏಳಕ್ಕೆ ಪ್ರವೇಶ. ಮೆಲ್ಬರ್ನ್ ಹೈಸ್ಕೂಲ್, ಮ್ಯಾಕ್‌ರಾಬರ್ಟ್‌ಸನ್ ಬಾಲಕಿಯರ ಶಾಲೆಗಳಿಗೆ ಒಂಬತ್ತಕ್ಕೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಕೆಲವು ತಾತ್ಕಾಲಿಕ ವೀಸಾದವರು ಸರ್ಕಾರಿ ಶಾಲೆಗೂ ಶುಲ್ಕ ಕಟ್ಟಬೇಕು. ಸಂಬಳದ ಮಾತುಕತೆಯಲ್ಲೇ ಅದನ್ನು ಕೇಳಿಕೊಳ್ಳಿ.

ಉಳಿದ ದೇಶಗಳು, ಒಂದೇ ಉಸಿರಿನಲ್ಲಿ

ನ್ಯೂಜಿಲೆಂಡ್ ಇಂಗ್ಲೆಂಡಿನ ಜಾಡಿನಲ್ಲಿದೆ, ಅಲ್ಲಿನ ಖಾಸಗಿ ಪ್ರೆಪ್ ಎಂಟನೇ ಇಯರ್‌ಗೆ, ಅಂದರೆ ಹದಿಮೂರಕ್ಕೆ ಮುಗಿಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಏಳನೇ ಗ್ರೇಡಿನವರೆಗಿನ ಶಾಲೆಗೆ ಆ ಹೆಸರು, ಜೊಹಾನ್ಸ್‌ಬರ್ಗ್‌ನ ಕಿಂಗ್ ಎಡ್ವರ್ಡ್ VII ಪ್ರಿಪರೇಟರಿಯಂತೆ ಸರ್ಕಾರಿ ಶಾಲೆಗೂ ಇರಬಹುದು. ಕೆನಡಾ ಎರಡೂ ದೋಣಿಯಲ್ಲಿ ಕಾಲಿಟ್ಟಿದೆ: ಟೊರಾಂಟೊದ ಅಪ್ಪರ್ ಕೆನಡಾ ಕಾಲೇಜ್ 1829ರ ಶಾಲೆ, ಕಾಲೇಜಲ್ಲ. ಅದರ ಚಿಕ್ಕ ಮಕ್ಕಳ ವಿಭಾಗಕ್ಕೆ ಪ್ರೆಪ್ ಎಂಬ ಹೆಸರಿದ್ದರೂ ಅಮೆರಿಕದ ಅರ್ಥವೂ ಆ ದೇಶದಲ್ಲಿ ಓಡುತ್ತದೆ. ಪಬ್ಲಿಕ್ ಸ್ಕೂಲ್ ಎಂಬ ಪದ ಇದಕ್ಕಿಂತ ಕೆಟ್ಟದ್ದು. ಇಂಗ್ಲೆಂಡಿನಲ್ಲಿ ಅದು ಅತಿ ದುಬಾರಿ ಖಾಸಗಿ ಶಾಲೆ, ಅಮೆರಿಕ ಆಸ್ಟ್ರೇಲಿಯಾಗಳಲ್ಲಿ ಸರ್ಕಾರಿ ಶಾಲೆ. ನಾವು ನಗುವ ಹಾಗಿಲ್ಲ: ಡೆಲ್ಲಿ ಪಬ್ಲಿಕ್ ಸ್ಕೂಲ್ ಖಾಸಗಿ, ಕರ್ನಾಟಕ ಪಬ್ಲಿಕ್ ಸ್ಕೂಲ್ ಸರ್ಕಾರಿ.

ವಾಪಸು ಬರುವವರ ಲೆಕ್ಕ

ಮೂರು ವರ್ಷಕ್ಕೆ ಹೋಗಿ ಬರುವವರಿಗೆ ಮೇಲಿನ ಯಾವ ಪ್ರೆಪ್ ಕೂಡ ತನ್ನ ಬಾಗಿಲಿನವರೆಗೆ ತಲುಪಿಸುವುದಿಲ್ಲ. ಅವರು ನೋಡಬೇಕಾದದ್ದು ಇಲ್ಲಿನ ಬಾಗಿಲುಗಳನ್ನು. ಒಂಬತ್ತನೇ ತರಗತಿಯಲ್ಲಿ ಮಂಡಳಿಯ ನೋಂದಣಿ ಆಗಿಬಿಡುತ್ತದೆ, ಹತ್ತಕ್ಕೆ ಬಂದು ಸೇರುವುದು ಕಷ್ಟ. ಎಂಟರ ಹೊತ್ತಿಗೆ ಮರಳುವುದು ಜಾಣತನ. ಕನ್ನಡ ಓದಿ ಬರೆಯುವುದು ಬಿಟ್ಟುಹೋಗಿದ್ದರೆ ಇಲ್ಲಿನ ಶಾಲೆಯಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕು. ಸಿಇಟಿಯಲ್ಲಿ ಕರ್ನಾಟಕದ ಸೀಟಿಗೆ ಹೆಚ್ಚಿನವರು ಅರ್ಹರಾಗುವುದು ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿದ ನಿಯಮದ ಮೇಲೆ. ಬೇರೆ ದಾರಿಗಳೂ ಇವೆ, ಆದರೆ ಒಂದರಿಂದ ಹನ್ನೆರಡರವರೆಗಿನ ವರ್ಷಗಳನ್ನು ಬೆರಳ ಮೇಲೆ ಎಣಿಸಿಯೇ ವಿಮಾನ ಹತ್ತಿ. ನಮ್ಮ ಮಗನಿಗೆ ಒಂದು ವರ್ಷ ಕಡಿಮೆ ಬೀಳುತ್ತಿತ್ತು, ಅದನ್ನು ತಿಳಿದ ಮೇಲೆಯೇ ವಾಪಸಾಗುವ ಆದೇಶಕ್ಕೆ ನಾವು ಎದುರಾಡಲಿಲ್ಲ.

ಕನೆಕ್ಟಿಕಟ್‌ನ ಹುಡುಗ ಗ್ರೀನ್ ಕಾರ್ಡ್ ಇರುವ ಮನೆಯವನು, ಚರ್ಚೆ ಎಂದರೆ ಪ್ರಾಣ, ನೆರವಿನ ಅರ್ಜಿಯನ್ನೂ ಹಾಕಿದ್ದಾನೆ. ಅವನಿಗೆ ಹೋಗು ಎಂದೆ. ಮೆಲ್ಬರ್ನ್‌ನ ತಂಗಿಗೆ ಪಕ್ಕದ ಬೀದಿಯ ಶಾಲೆ ಸಾಕು, ಖಾಸಗಿಯ ಮಾತು ಏಳನೇ ಇಯರ್‌ಗೆ ಎತ್ತೋಣ ಎಂದೆ. ಮುಂದಿನ ತಿಂಗಳು ಇಂಗ್ಲೆಂಡಿನ ರೆಡಿಂಗ್‌ಗೆ ಎರಡು ವರ್ಷದ ಕೆಲಸದ ಮೇಲೆ ಹೊರಟಿರುವ ಗೆಳತಿಯ ಮಗಳಿಗೆ ಎಂಟು ವರ್ಷ. ಅವಳಿಗೆ ಸರ್ಕಾರಿ ಪ್ರಾಥಮಿಕ ಶಾಲೆ ಎಂದೆ, ಗೆಳತಿಗೆ ಮನಸ್ಸು ಒಪ್ಪುತ್ತಿಲ್ಲ. ಪ್ರೆಪ್ ಶಾಲೆ ನೋಡಲು ಹೋಗಿಯೇ ಹೋಗುತ್ತಾಳೆ. ಹೋದಾಗ ಎರಡು ಕಾಗದ ಕೇಳು ಎಂದಿದ್ದೇನೆ: ಕಳೆದ ಮೂರು ವರ್ಷ ಅಲ್ಲಿಂದ ಹೊರಟ ಮಕ್ಕಳು ಯಾವ ಯಾವ ಶಾಲೆಗೆ ಸೇರಿದರು ಎಂಬ ಪಟ್ಟಿ, ಮತ್ತು ಶಾಲೆ ಬಿಡುವ ನೋಟಿಸಿನ ಷರತ್ತು. ಎರಡನೆಯದನ್ನು ಸಹಿ ಹಾಕುವ ಮೊದಲು ನನಗೆ ಕಳುಹಿಸುತ್ತಾಳಂತೆ.